ಮರಳು, ಬೆಟ್ಟ, ಕಡಲು, ಹಳೇ ಊರು ಒಂದೇ ಟ್ರಿಪ್ಪಲ್ಲಿ: ಕಚ್ಛ್‌ಗೆ ಹೋಗೋದಾ, ಓಮನ್ನಾ, ಮೊರಾಕ್ಕೋನಾ?

ರಜೆ ಹತ್ರ ಬರ್ತಿದ್ದಂಗೆ ನಮ್ಮ ಸ್ಕೂಲ್ ಸ್ಟಾಫ್ ರೂಮಲ್ಲಿ ಒಂದೇ ಮಾತು, ಈ ಸಲ ಎಲ್ಲಿಗೆ ಅಂತ. ಹೋದ ವಾರ ಸೋಷಿಯಲ್ ಮೇಡಂ ಕೇಳಿದ್ರು, ಮಗಳಿಗೆ ಮರಳುಗಾಡು ನೋಡ್ಬೇಕಂತೆ, ಅವರ ಮನೆಯವರಿಗೆ ಬೆಟ್ಟ ಬೇಕು, ಅತ್ತೆಗೆ ಸಮುದ್ರದ ದಂಡೇಲಿ ಒಂದು ದೇವಸ್ಥಾನ, ಮೇಡಂಗೆ ಹಳೇ ಕೋಟೆ ಹಳೇ ಬೀದಿ, ಇವಿಷ್ಟೂ ಒಂದೇ ಸಲ ನೋಡ್ಕೊಂಡು ಬರೋ ಜಾಗ ಇದೆಯಾ ಅಂತ. ಇದೆ. ನಾನೇ ಹೋಗಿ ಬಂದಿರೋವು ಮೂರಿವೆ. 2023ರ ಜನವರೀಲಿ ಅತ್ತೆ, ಮಗ, ಮನೆಯವರು ಎಲ್ಲಾ ಸೇರಿ ಗುಜರಾತಿನ ಕಚ್ಛ್ ಮತ್ತೆ ರಾಜಸ್ಥಾನದ ಮೌಂಟ್ ಅಬು, ಅದೇ ವರ್ಷ ಡಿಸೆಂಬರ್ ಕೊನೇಲಿ ನಾದಿನಿ ಮನೆ ನೆಪದಲ್ಲಿ ಓಮನ್, ಆಮೇಲೆ 2025ರ ಏಪ್ರಿಲ್ಲಲ್ಲಿ ನಾವಿಬ್ಬರೇ ಮೊರಾಕ್ಕೋ. ಸ್ಟಾಫ್ ರೂಮಲ್ಲಿ ಬೆಲ್ ಹೊಡೆಯೋದ್ರೊಳಗೆ ಹೇಳಿ ಮುಗಿಯೋ ವಿಷಯ ಅಲ್ಲ ಇದು, ಅದಕ್ಕೆ ಕೂತು ಬರೀತಿದೀನಿ.

ಮೊದಲೇ ಒಂದು ಮಾತು. ಫೋಟೋ ನೋಡಿ ಜಾಗ ಆರಿಸಬೇಡಿ. ಫೋಟೋದಲ್ಲಿ ಮೂರೂ ಚೆನ್ನಾಗೇ ಇರ್ತವೆ. ನಿಮ್ಮ ರಜೆ ಯಾವ ತಿಂಗಳು, ಒಂದು ಜಾಗದಿಂದ ಇನ್ನೊಂದಕ್ಕೆ ಗಾಡೀಲಿ ಎಷ್ಟು ಗಂಟೆ ಕೂತಿರಬೇಕು, ಈ ಎರಡು ಲೆಕ್ಕ ಹಾಕಿದ್ರೆ ಮುಕ್ಕಾಲು ಪಾಲು ಉತ್ತರ ಅಲ್ಲೇ ಸಿಗುತ್ತೆ. ನಾಲ್ಕು ತರದ ಜಾಗ ಒಂದೇ ಟ್ರಿಪ್ಪಲ್ಲಿ ಬೇಕು ಅಂದ್ರೆ ನಾಲ್ಕೂ ಪಕ್ಕಪಕ್ಕ ಇರಲ್ಲ ಅಲ್ವಾ, ನೋಡೋ ಟೈಮಿಗಿಂತ ಹೋಗೋ ಟೈಮೇ ಜಾಸ್ತಿ ಆಗ್ಬಿಡುತ್ತೆ.

ತಿಂಗಳ ವಿಷಯ ಯಾಕೆ ಅಷ್ಟು ಮುಖ್ಯ ಅಂದ್ರೆ, ನಮಗೆ ದೊಡ್ಡ ರಜೆ ಸಿಗೋದು ಅಕ್ಟೋಬರ್ ದಸರೇಲಿ, ಆಮೇಲೆ ಏಪ್ರಿಲ್ ಮೇ ಬೇಸಿಗೇಲಿ. ಕಚ್ಛ್‌ನ ಬಿಳಿ ರಣ್, ಅಂದ್ರೆ ಉಪ್ಪಿನ ಬಯಲು, ಅಕ್ಟೋಬರಲ್ಲಿ ಇನ್ನೂ ನೀರು, ಕೆಸರು. ಮಳೆಗಾಲದಲ್ಲಿ ಕಡಲ ನೀರು ಒಳಗೆ ನುಗ್ಗಿ, ಲೂಣಿ ತರದ ನದಿಗಳ ನೀರೂ ಬಂದು ಸೇರ್ಕೊಂಡು, ತಿಂಗಳುಗಟ್ಟಲೆ ನಿಂತು, ನಿಧಾನಕ್ಕೆ ಆವಿಯಾಗಿ ಉಪ್ಪು ಉಳಿಯುತ್ತೆ, ಅದು ಗಟ್ಟಿಯಾಗಿ ಕಾಲಿಡೋ ಹಂಗೆ ಆಗೋದು ನವೆಂಬರ್ ದಾಟಿದ ಮೇಲೆ, ಚೆನ್ನಾಗಿರೋದು ಡಿಸೆಂಬರಿಂದ ಫೆಬ್ರವರಿವರೆಗೆ. ಬೇಸಿಗೇಲಿ ಹೋದ್ರೆ ನಲವತ್ತು ಡಿಗ್ರಿ ಮೇಲೆ, ಪಾವಗಡದ ಬಿಸಿಲು ತಡ್ಕೊಂಡವರಿಗೂ ಕಷ್ಟ, ಯಾಕಂದ್ರೆ ಕೆಳಗಿರೋ ಉಪ್ಪಿಂದಾನೂ ಬಿಸಿಲು ಎದ್ದು ಮುಖಕ್ಕೆ ಹೊಡೆಯುತ್ತೆ. ಓಮನ್ ಕೂಡ ಅಷ್ಟೇ, ನವೆಂಬರಿಂದ ಮಾರ್ಚ್ ಸರಿ, ಮೇ ತಿಂಗಳಲ್ಲಿ ಆ ಮರಳಿಗೆ ಹೋಗೋ ಮಾತೇ ಬೇಡ. ಮೊರಾಕ್ಕೋ ಮಾತ್ರ ಏಪ್ರಿಲ್ ಮತ್ತೆ ಅಕ್ಟೋಬರಲ್ಲೇ ಚೆಂದ. ಅಂದ್ರೆ ಮಕ್ಕಳ ಬೇಸಿಗೆ ರಜೇಲೇ ಹೋಗ್ಬೇಕು ಅಂತಿದ್ರೆ ಕಚ್ಛ್, ಓಮನ್ ಎರಡೂ ಪಟ್ಟಿಯಿಂದ ತೆಗೆದುಬಿಡಿ, ಕ್ರಿಸ್‌ಮಸ್ ಸಂಕ್ರಾಂತಿ ಸುತ್ತ ಒಂದು ವಾರ ರಜೆ ಹಾಕ್ಕೊಳಕ್ಕೆ ಆಗುತ್ತೆ ಅಂದ್ರೆ ಆ ಎರಡರಲ್ಲಿ ಒಂದು.

ಈಗ ಕಚ್ಛ್. ನಮ್ಮ ಕಡೆಯವರಿಗೆ ಇದರಲ್ಲಿ ಒಂದು ದೊಡ್ಡ ಅನುಕೂಲ ಇದೆ, ಬೆಂಗಳೂರಿಂದ ಗಾಂಧಿಧಾಮಕ್ಕೆ ಹೋಗೋ ರೈಲು, ಜೋಧಪುರಕ್ಕೆ ಹೋಗೋ ರೈಲು ಎರಡೂ ನಮ್ಮ ತುಮಕೂರು, ಅರಸೀಕೆರೆ, ಹುಬ್ಬಳ್ಳಿ ದಾರೀಲೇ ಹೋಗ್ತವೆ. ದಿನಾ ಇರಲ್ಲ, ಗಾಂಧಿಧಾಮದ್ದು ವಾರಕ್ಕೆ ಒಂದೇ ಸಲ, ಅದನ್ನ ನೋಡ್ಕೊಂಡೇ ಉಳಿದ ಪ್ಲಾನ್ ಮಾಡ್ಬೇಕು. ಎರಡು ರಾತ್ರಿ ರೈಲಲ್ಲೇ ಕಳೆಯುತ್ತೆ, ನಾವು ತಿಪಟೂರಿನವರು ಅರಸೀಕೆರೇಲಿ ಹತ್ತಿದ್ವಿ, ಅತ್ತೆ ಚಪಾತಿ, ಹುರಿಹಿಟ್ಟು, ಚಟ್ನಿಪುಡಿ, ಕೊಬ್ಬರಿ ಮಿಠಾಯಿ ಎಲ್ಲಾ ಕಟ್ಕೊಂಡು ಬಂದಿದ್ರು, ಮೂರನೇ ದಿನ ಗಾಂಧಿಧಾಮದಲ್ಲಿ ಇಳಿಯೋವರೆಗೂ ಹೊರಗಡೆ ಊಟ ಅಂತ ಮಾಡ್ಲೇ ಇಲ್ಲ. ಅಲ್ಲಿಂದ ಭುಜ್ ಒಂದು ಗಂಟೆ ಚಿಲ್ರೆ ದಾರಿ.

ಭುಜ್‌ನಲ್ಲಿ ಮೂರು ರಾತ್ರಿ ಇದ್ರೆ ಸುತ್ತಮುತ್ತ ಎಲ್ಲಾ ಆಗುತ್ತೆ. ಒಂದು ದಿನ ಮಾಂಡವಿ. ಅಲ್ಲಿ ಬೀಚು ಇದೆ, ವಿಜಯ್ ವಿಲಾಸ್ ಅರಮನೆ ಇದೆ, ಆದ್ರೆ ನನ್ನ ಕೇಳಿದ್ರೆ ನೋಡ್ಬೇಕಾಗಿರೋದು ರುಕ್ಮಾವತಿ ನದಿ ದಡದಲ್ಲಿ ಮರದ ಹಡಗು ಕಟ್ಟೋದನ್ನ. ನಾನೂರು ವರ್ಷದ ಕಸುಬು, ಎರಡು ಮೂರು ಮಹಡಿ ಎತ್ತರದ ಹಡಗು, ಬಡಗಿಗಳು ಮೇಲೆ ಹತ್ತಿ ಹಲಗೆ ಹೊಂದಿಸ್ತಾ ಸಂದಿಗೆ ಹತ್ತಿ ತುರುಕ್ತಾ ಕೂತಿರ್ತಾರೆ, ನನ್ನ ಮಗ ಅಲ್ಲಿಂದ ಎದ್ದು ಬರಲ್ಲ ಅಂತ ಕೂತ್ಬಿಟ್ಟ. ದಾಬೇಲಿ ಅನ್ನೋ ತಿಂಡಿ ಹುಟ್ಟಿದ್ದೂ ಈ ಊರಲ್ಲೇ ಅಂತಾರೆ, ತಿನ್ನದೆ ಬರಬೇಡಿ.

ಅತ್ತೆಗೆ ಸಮುದ್ರದ ಹತ್ರ ದೇವಸ್ಥಾನ ಬೇಕು ಅನ್ನೋರಿಗೆ ಇನ್ನೊಂದು ದಿನ ಪಶ್ಚಿಮದ ತುದಿ, ನಾರಾಯಣ ಸರೋವರ ಮತ್ತೆ ಕೋಟೇಶ್ವರ. ಭುಜ್‌ನಿಂದ ನೂರೈವತ್ತು ಕಿಲೋಮೀಟರ್ ಹತ್ರ ಹತ್ರ, ಆದ್ರೆ ರಸ್ತೆ ಖಾಲಿ. ಕೋಟೇಶ್ವರದಲ್ಲಿ ಶಿವನ ಗುಡಿ ಹಿಂದೆ ಬರೀ ನೀರು, ಅದರಾಚೆಗೆ ದೇಶದ ಗಡಿ. ಅತ್ತೆ ಕಟ್ಟೆ ಮೇಲೆ ಕೂತು "ಇದಕ್ಕಿಂತ ಆಚೆಗೆ ಊರಿಲ್ವೇನಮ್ಮ" ಅಂದ್ರು, ಆಮೇಲೆ ಅರ್ಧ ಗಂಟೆ ಸುಮ್ನೆ ಕೂತಿದ್ರು. ಅಲ್ಲೇ ಹತ್ರ ಲಖಪತ್ ಅಂತ ಕೋಟೆ ಊರು, ಗೋಡೆ ಏಳು ಕಿಲೋಮೀಟರ್ ಉದ್ದ, ಒಳಗೆ ಜನ ಕೈಬೆರಳಲ್ಲಿ ಎಣಿಸೋ ಅಷ್ಟು. ಒಂದು ಕಾಲಕ್ಕೆ ಸಿಂಧೂ ನದಿಯ ಕವಲು ಇಲ್ಲಿ ಹರೀತಿತ್ತು, ಬಂದರು ತುಂಬಿ ತುಳುಕ್ತಿತ್ತು, 1819ರ ಭೂಕಂಪದಲ್ಲಿ ನೆಲ ಮೇಲೆದ್ದು ಅಲ್ಲಾ ಬಂಡ್ ಅನ್ನೋ ದಿಬ್ಬ ಆಯ್ತು, ನದಿ ದಾರಿ ಬಿಟ್ಟು ಹೋಯ್ತು, ಊರು ಹಾಳುಬಿತ್ತು. ಹಳೇ ಊರು ನೋಡ್ಬೇಕು ಅನ್ನೋರಿಗೆ ಅಹಮದಾಬಾದ್‌ಗಿಂತ ಮೊದಲು ನಾನು ಇದನ್ನ ಹೇಳ್ತೀನಿ.

ಬಿಳಿ ರಣ್ ವಿಷಯಕ್ಕೆ ಬರೋಣ. ಎಲ್ಲರೂ ಹೋಗೋದು ಧೋರ್ಡೋಗೆ, ಭುಜ್‌ನಿಂದ ಎಂಬತ್ತು ಕಿಲೋಮೀಟರ್, ಗಡಿ ಪ್ರದೇಶ ಆಗಿರೋದ್ರಿಂದ ಪರ್ಮಿಟ್ ಬೇಕು, ಗುರುತಿನ ಚೀಟಿ ಮರೀಬೇಡಿ. ರಣ್ ಉತ್ಸವ ನಡೆಯೋ ದಿನಗಳಲ್ಲಿ ಟೆಂಟ್ ಸಿಟಿ ರೇಟು ಕೈಗೆಟುಕಲ್ಲ, ಜನ ಜಾತ್ರೆ. ನಾವು ಹೋಡ್ಕಾ ಕಡೆ ಹಳ್ಳೀಲಿ ಭೂಂಗಾದಲ್ಲಿ ಉಳ್ಕೊಂಡ್ವಿ, ಅಂದ್ರೆ ದುಂಡಗಿನ ಮಣ್ಣಿನ ಮನೆ, ಒಳಗೋಡೆಗೆ ಕನ್ನಡಿ ಚೂರು ಅಂಟಿಸಿರ್ತಾರೆ. 2001ರ ಜನವರಿ 26ರ ಭೂಕಂಪದಲ್ಲಿ ಸಿಮೆಂಟ್ ಕಟ್ಟಡಗಳು ಬಿದ್ದಾಗ ಈ ದುಂಡು ಮನೆಗಳು ಎಷ್ಟೋ ಕಡೆ ನಿಂತೇ ಇದ್ವು. ಆ ಭೂಕಂಪದ ನೆನಪಿಗೆ ಭುಜ್‌ನ ಗುಡ್ಡದ ಮೇಲೆ ಸ್ಮೃತಿವನ ಅಂತ ಮಾಡಿದಾರೆ, 2022ರಲ್ಲಿ ಶುರುವಾಗಿದ್ದು, ಅರ್ಧ ದಿನ ಅದಕ್ಕೆ ಇಡಿ. ಮಕ್ಕಳ ಜೊತೆ ಹೋದ್ರೆ ಖಂಡಿತ.

ಆದ್ರೆ ಧೋರ್ಡೋಗಿಂತ ನನ್ನ ಮನಸ್ಸಲ್ಲಿ ಉಳಿದಿರೋದು ಖಾವ್ಡಾದಿಂದ ಧೋಲಾವೀರಾಗೆ ಹೋಗೋ ರಸ್ತೆ. ಸುಮಾರು ಮೂವತ್ತು ಕಿಲೋಮೀಟರ್ ರಣ್ ಮಧ್ಯಾನೇ ಹಾದು ಹೋಗುತ್ತೆ, ಎಡಕ್ಕೂ ಬಿಳಿ ಬಲಕ್ಕೂ ಬಿಳಿ, ಟಿಕೆಟ್ ಇಲ್ಲ ಗದ್ದಲ ಇಲ್ಲ, ಎಲ್ಲಿ ಬೇಕಾದ್ರೂ ಗಾಡಿ ನಿಲ್ಲಿಸ್ಕೊಂಡು ನೋಡ್ಬೋದು. ರಸ್ತೆ ಮುಗಿಯೋ ಕಡೆ ಹರಪ್ಪ ಕಾಲದ ಊರು, 2021ರಲ್ಲಿ ವಿಶ್ವ ಪರಂಪರೆ ಪಟ್ಟಿಗೆ ಸೇರ್ತು. ಕಲ್ಲಿನ ಕೆರೆಗಳು ನೋಡಿ ನಮ್ಮ ಮನೆಯವರು ಬೆರಗಾಗಿಬಿಟ್ರು, ಮಳೆ ಬಂದಾಗ ಮಾತ್ರ ಹರಿಯೋ ಎರಡು ಹಳ್ಳಕ್ಕೆ ಅಡ್ಡಗಟ್ಟೆ ಕಟ್ಟಿ, ಒಂದರ ಪಕ್ಕ ಒಂದು ಹೊಂಡ ತೆಗೆದು ನೀರು ಹಿಡಿದಿದ್ರು, ನಾಲ್ಕು ಸಾವಿರ ವರ್ಷಕ್ಕೂ ಹಿಂದೆ. ಕೆರೆ ಕಟ್ಟೆ ನೋಡ್ಕೊಂಡು ಬೆಳೆದವರಿಗೆ ಅದೇನು ಅಂತ ಗೈಡ್ ಹೇಳೋ ಅವಶ್ಯಕತೆ ಇಲ್ಲ.

ಬೆಟ್ಟದಲ್ಲಿ ಮಾತ್ರ ಈ ಟ್ರಿಪ್ ಸೋಲುತ್ತೆ, ನೇರವಾಗಿ ಹೇಳ್ತೀನಿ. ಕಚ್ಛ್‌ನ ಅತಿ ಎತ್ತರದ ಕಾಲೋ ಡುಂಗರ್ 460 ಮೀಟರ್ ಆಸುಪಾಸು, ನಮ್ಮ ದೇವರಾಯನದುರ್ಗ ಅದಕ್ಕಿಂತ ಎಷ್ಟೋ ಎತ್ತರ. ಅದಕ್ಕೇ ಧೋಲಾವೀರಾದಿಂದ ಪಾಟಣ್ ಮೇಲೆ ಮೌಂಟ್ ಅಬುಗೆ ಹೋಗ್ಬೇಕು. ಗುರುಶಿಖರ 1,722 ಮೀಟರ್, ಅರಾವಳಿಯಲ್ಲೇ ಎತ್ತರ, ಆದ್ರೂ ನಮ್ಮ ಮುಳ್ಳಯ್ಯನಗಿರಿ 1,930. ಹಂಗಾಗಿ ಬೆಟ್ಟಕ್ಕೋಸ್ಕರ ಅಬುಗೆ ಹೋಗ್ಬೇಡಿ, ದಿಲ್‌ವಾಡಾ ಬಸದಿಗೋಸ್ಕರ ಹೋಗಿ. ವಿಮಲ ವಸಹಿ 1031ರದ್ದು, ಲೂಣ ವಸಹಿ 1230ರದ್ದು, ಬೇಲೂರು ಕಟ್ಟಿದ 1117 ಈ ಎರಡರ ಮಧ್ಯೆ ಬರುತ್ತೆ. ಅರಳಗುಪ್ಪೆ ಕಲ್ಲೇಶ್ವರನ ಗುಡಿಯ ಛಾವಣೀಲಿ ಕುಣಿಯೋ ಶಿವನ್ನ ನೋಡಿ ಕತ್ತು ನೋಯಿಸ್ಕೊಂಡವರು ನಾವು, ಇಲ್ಲಿ ಅದೇ ತರ ಮಲಗಿಬಿಡೋಣ ಅನ್ಸುತ್ತೆ, ಬಿಳಿ ಅಮೃತಶಿಲೆ ಕಮಲ ತಲೆ ಮೇಲಿಂದ ಇಳಿಬಿದ್ದಂಗೆ. ಜೈನರಲ್ಲದೋರನ್ನ ಬಿಡೋದು ಮಧ್ಯಾಹ್ನ ಹನ್ನೆರಡರ ಮೇಲೆ, ಒಳಗೆ ಫೋಟೋ ತೆಗೆಯೋ ಹಾಗಿಲ್ಲ. ಬೆಳಗ್ಗೆನೇ ಹೋಗಿ ಬಿಸಿಲಲ್ಲಿ ಕಾಯಬೇಡಿ.

ದಾರೀಲಿ ಪಾಟಣ್‌ದಲ್ಲಿ ರಾಣಿ ಕಿ ವಾವ್, ನೂರು ರೂಪಾಯಿ ನೋಟಿನ ಹಿಂದೆ ಇರೋ ಮೆಟ್ಟಿಲು ಬಾವಿ. ಮಂಡಿ ನೋವಿರೋರು ಮೇಲಿಂದಾನೇ ನೋಡ್ಬೋದು, ಚೆನ್ನಾಗೇ ಕಾಣುತ್ತೆ. ಅಬು ರೋಡ್ ಸ್ಟೇಷನ್ನಲ್ಲಿ ಜೋಧಪುರದಿಂದ ಬರೋ ರೈಲು ಹತ್ತಿದ್ರೆ ಮತ್ತೆ ಅರಸೀಕೆರೆ ಅಥವಾ ತುಮಕೂರು. ಟೈಮಿದ್ರೆ ಅಹಮದಾಬಾದಲ್ಲಿ ಎರಡು ದಿನ, ವಿಶ್ವ ಪರಂಪರೆ ಪಟ್ಟಿ ಸೇರಿದ ದೇಶದ ಮೊದಲನೇ ನಗರ ಅದು, 2017ರಲ್ಲಿ. ಅಲ್ಲಿಯ ಪೋಳ್‌ಗಳ, ಅಂದ್ರೆ ಹಳೇ ಕೇರಿಗಳ, ಸಂದಿಗಳಲ್ಲಿ ಬೆಳಗ್ಗೆ ಹೊತ್ತು ನಡೀಬೇಕು. ಜನವರಿ 14ಕ್ಕೆ ಅಲ್ಲಿದ್ರೆ ಉತ್ತರಾಯಣ, ಊರಿಗೆ ಊರೇ ಮಹಡಿ ಮೇಲೆ ಗಾಳಿಪಟ ಹಾರಿಸ್ತಿರುತ್ತೆ. ದ್ವಾರಕಾ ಸೋಮನಾಥ ಕೂಡ ಸೇರಿಸೋಣ ಅಂತ ಮನೇಲಿ ಹಿರಿಯರು ಹೇಳೇ ಹೇಳ್ತಾರೆ, ಅದು ಬೇರೆ ದಿಕ್ಕು, ಇನ್ನೂ ಮೂರು ದಿನ ಬೇಕು, ಅದನ್ನ ಬೇರೆ ಯಾತ್ರೆ ಅಂತಾನೇ ಮಾಡಿ.

ಇನ್ನೊಂದು ವಿಷಯ ಮನೇಲಿ ಮೊದಲೇ ಮಾತಾಡ್ಕೊಳಿ, ರಣ್‌ನಲ್ಲಿ ಮರಳಿನ ದಿಬ್ಬ ಇರಲ್ಲ. ಉಪ್ಪು, ಬಯಲು. ಒಂಟೆ ಮೇಲೆ ಕೂತು ಮರಳ ದಿಬ್ಬ ಹತ್ತೋ ಆಸೆ ಇರೋ ಮಗುನ್ನ ಕರ್ಕೊಂಡು ಹೋಗಿ ಇದೇ ಮರಳುಗಾಡು ಅಂದ್ರೆ ಅದಕ್ಕೆ ಬೇಜಾರಾಗುತ್ತೆ. ಮರಳೇ ಬೇಕು ಅಂದ್ರೆ ಜೈಸಲ್ಮೇರ್ ಹತ್ರ ಸಮ್ ಅಥವಾ ಖೂರಿ, ಊರಿಂದ ನಲವತ್ತು ಕಿಲೋಮೀಟರ್, 1156ರ ಕೋಟೆ ಒಳಗೆ ಇವತ್ತಿಗೂ ಸಂಸಾರಗಳಿವೆ, ದಾರೀಲಿ ಜೋಧಪುರ, ಕೆಳಗೆ ಉದಯಪುರ, ಅದು ಮೂರು ಸಿಗೋ ಸೊಗಸಾದ ಟ್ರಿಪ್ಪು, ಕಡಲು ಮಾತ್ರ ಇಲ್ಲ. ಕಡಲನ್ನೂ ಸೇರಿಸಕ್ಕೆ ಹೋದ್ರೆ ರಸ್ತೆ ಮೇಲೇ ದಿನ ಹೋಗುತ್ತೆ.

ಓಮನ್. ನಾಲ್ಕೂ ಅತಿ ಹತ್ತಿರ ಹತ್ತಿರ ಇರೋದು ಅಂದ್ರೆ ಇಲ್ಲೇ. ಬೆಂಗಳೂರಿಂದ ಮಸ್ಕತ್‌ಗೆ ನೇರ ವಿಮಾನ, ನಾಲ್ಕು ಗಂಟೆ ಒಳಗೆ ಇಳೀತೀವಿ, ತಿಪಟೂರಿಂದ ಏರ್‌ಪೋರ್ಟಿಗೆ ಹೋಗಕ್ಕೇ ಹೆಚ್ಚೂಕಮ್ಮಿ ಅಷ್ಟೇ ಹೊತ್ತು ಬೇಕು. ಏಳು ದಿನ ಸಾಕು. ಮಸ್ಕತ್‌ನಿಂದ ಕಡಲ ಪಕ್ಕಾನೇ ಸೂರ್ ಅನ್ನೋ ಊರಿಗೆ ಇನ್ನೂರು ಕಿಲೋಮೀಟರ್ ಆಸುಪಾಸು, ಮಧ್ಯೆ ಬಿಮ್ಮಾ ಗುಂಡಿಯ ನೀಲಿ ನೀರು, ವಾದಿ ಶಾಬ್ ಕಣಿವೆ. ಸೂರ್ ಅಂದ್ರೆ ಮತ್ತೆ ಮರದ ಹಡಗಿನ ಊರು. ಮಾಂಡವಿಯಿಂದ ಹೊರಟ ಹಡಗು ಮಸ್ಕತ್, ಆಫ್ರಿಕಾದ ದಡ ಅಂತ ಹೋಗ್ತಿದ್ದಿದ್ದು ಇದೇ ಕಡಲಲ್ಲಿ, ಒಂದೇ ವರ್ಷದಲ್ಲಿ ಎರಡೂ ದಡ ನೋಡಿದ್ವಲ್ಲ ಅಂತ ನನಗೆ ಮೈ ಜುಮ್ ಅಂತು. ಅಲ್ಲಿಂದ ಶರ್ಕಿಯಾ ಮರಳು ಎರಡು ಗಂಟೆ ದಾರಿ, ಮೊದಲು ವಹಿಬಾ ಮರಳು ಅಂತಿದ್ರು, ಇದು ನಿಜವಾದ ದಿಬ್ಬ, ನೂರು ಮೀಟರ್ ಎತ್ತರದವರೆಗೂ. ಒಂದು ರಾತ್ರಿ ಅಲ್ಲಿ, ಮಾರನೇ ದಿನ ನಿಜ್ವಾ.

ನಿಜ್ವಾಗೆ ಗುರುವಾರ ರಾತ್ರಿ ಮುಟ್ಟೋ ಹಂಗೆ ಲೆಕ್ಕ ಹಾಕಿ. ಶುಕ್ರವಾರ ಬೆಳಗ್ಗೆ ಆಡಿನ ಸಂತೆ. ವ್ಯಾಪಾರದವರು ಆಡು ಹಿಡ್ಕೊಂಡು ಸುತ್ತ ನಡೀತಿರ್ತಾರೆ, ಕೊಳ್ಳೋರು ನಡುವೆ ಕೂತು ಕೂಗ್ತಾರೆ, ಹಲ್ಲು ನೋಡ್ತಾರೆ, ಬೆನ್ನು ಒತ್ತಿ ನೋಡ್ತಾರೆ, ನಮ್ಮ ಸಿದ್ಧಗಂಗೆ ಜಾತ್ರೇಲಿ ಎತ್ತು ನೋಡ್ದಂಗೇನೇ. ಭಾಷೆ ಒಂದಕ್ಷರ ಬರದೆ ಹೋದ್ರೂ ನಮ್ಮ ಮನೆಯವರು ಯಾವ ವ್ಯಾಪಾರ ಕುದುರ್ತು ಯಾವುದು ಮುರೀತು ಅಂತ ಪಕ್ಕದಲ್ಲಿ ನಿಂತು ಹೇಳ್ತಿದ್ರು.

ಆದ್ರೆ ನಾನು ಓಮನ್ನ ಮರೆಯದೆ ಇರೋದು ಫಲಜ್‌ಗೋಸ್ಕರ. ಬೆಟ್ಟದ ಬುಡದ ನೀರನ್ನ ಸುರಂಗ, ಕಾಲುವೆ ಮಾಡಿ ಕಿಲೋಮೀಟರುಗಟ್ಟಲೆ ಬರೀ ಇಳಿಜಾರಲ್ಲೇ ತೋಟಕ್ಕೆ ತರ್ತಾರೆ, ಪಂಪಿಲ್ಲ ಮೋಟಾರಿಲ್ಲ. ಇವತ್ತಿಗೂ ಸುಮಾರು ಮೂರು ಸಾವಿರ ಫಲಜ್ ಹರೀತಿವೆ, ಅದರಲ್ಲಿ ಐದನ್ನ 2006ರಲ್ಲಿ ವಿಶ್ವ ಪರಂಪರೆ ಪಟ್ಟಿಗೆ ಸೇರಿಸಿದಾರೆ. ನೀರನ್ನ ಹಂಚೋದು ಹೊತ್ತಿನ ಲೆಕ್ಕದಲ್ಲಿ, ಹಿಂದೆ ಹಗಲು ನೆರಳು ಅಳೆದು, ರಾತ್ರಿ ನಕ್ಷತ್ರ ನೋಡಿ ಹಂಚ್ತಿದ್ರು. ಮಧುಗಿರಿ, ಕೊರಟಗೆರೆ, ಪಾವಗಡದ ತಲಪರಿಗೆ, ಅಂದ್ರೆ ಊಟೆ ನೀರಿನ ಕಾಲುವೆ ನೋಡಿದೋರಿಗೆ, ಊರಿಗೆ ನೀರು ಹಂಚೋ ನೀರುಗಂಟಿ ಅಂದ್ರೆ ಯಾರು ಅಂತ ಗೊತ್ತಿರೋರಿಗೆ ಇದು ನಮ್ಮನೆ ವಿಷಯವೇ. ಮಿಸ್ಫಾ ಅನ್ನೋ ಬೆಟ್ಟದೂರಲ್ಲಿ ಖರ್ಜೂರದ ತೋಟದ ಮಧ್ಯೆ ಆ ಕಾಲುವೆ ಪಕ್ಕ ನಡೀತಾ ಇದ್ರೆ ನಮ್ಮ ತೆಂಗಿನ ತೋಟದ ಬದು ಮೇಲೆ ನಡೆದಂಗೇ ಇತ್ತು, ಒಂದೇ ವ್ಯತ್ಯಾಸ, ಅವರ ನೀರು ಇನ್ನೂ ಹರೀತಿದೆ, ನಮ್ಮ ತಲಪರಿಗೆ ಎಷ್ಟೋ ಹೂಳು ತುಂಬಿ ಮುಚ್ಚಿಹೋಗಿವೆ. ನನಗೆ ಅಲ್ಲಿ ಹೊಟ್ಟೆ ಉರೀತು, ಸುಳ್ಳಲ್ಲ.

ಬೆಟ್ಟಾನೂ ಬೆಟ್ಟ. ಜೆಬೆಲ್ ಶಮ್ಸ್ ಮೂರು ಸಾವಿರ ಮೀಟರ್ ಆಸುಪಾಸು, ಅಂಚಲ್ಲಿ ನಿಂತ್ರೆ ಕೆಳಗೆ ಕಣಿವೆ ತಳ ಕಾಣೋದೇ ಕಷ್ಟ, ಚಳಿಗಾಲದಲ್ಲಿ ರಾತ್ರಿ ಸ್ವೆಟರ್ ಸಾಲಲ್ಲ. ಜೆಬೆಲ್ ಅಖ್ದರ್‌ಗೆ ಫೋರ್ ವೀಲ್ ಡ್ರೈವ್ ಗಾಡಿ ಇದ್ರೆ ಮಾತ್ರ ಬಿಡ್ತಾರೆ, ಬುಡದಲ್ಲೇ ಪೊಲೀಸ್ ಚೆಕ್‌ಪೋಸ್ಟ್ ಇದೆ. ಗುಲಾಬಿ ನೋಡ್ಬೇಕು ಅಂದ್ರೆ ಮಾರ್ಚ್ ಕೊನೆಯಿಂದ ಮೇ ಮೊದಲ ವಾರದೊಳಗೆ ಹೋಗ್ಬೇಕು, ನಾವು ಹೋದಾಗ ಬರೀ ಮುಳ್ಳು.

ಕಷ್ಟ ಎಲ್ಲಿ ಅಂದ್ರೆ ದುಡ್ಡು ಮತ್ತೆ ಗಾಡಿ. ಒಂದು ರಿಯಾಲ್ ಅಂದ್ರೆ ನಮ್ಮ 200 ರೂಪಾಯಿಗೂ ಜಾಸ್ತಿ, ಬಸ್ ನಂಬ್ಕೊಂಡು ಈ ಜಾಗ ಎಲ್ಲಾ ಸುತ್ತಕ್ಕಾಗಲ್ಲ, ಬಾಡಿಗೆ ಕಾರು ಬೇಕು, ಗಾಡಿ ಓಡಿಸೋದು ರಸ್ತೆ ಬಲಗಡೆ. ನಮಗೆ ನಾದಿನಿ ಮನೆ ಇತ್ತು, ಅವರ ಯಜಮಾನರೇ ಗಾಡಿ ಓಡಿಸಿದ್ರು, ಆದ್ರೂ ತಲೆಗೆ ಎಪ್ಪತ್ತು ಸಾವಿರ ದಾಟ್ತು. ಯಾರೂ ಇಲ್ಲದೋರಿಗೆ ಲಕ್ಷ ಅಂತ ಇಟ್ಕೊಳಿ. ವೀಸಾ ಆನ್‌ಲೈನಲ್ಲೇ ಆಗುತ್ತೆ. ಊಟಕ್ಕೆ ತೊಂದರೆ ಇಲ್ಲ, ಮಸ್ಕತ್‌ನಲ್ಲಿ ದೋಸೆ ಇಡ್ಲಿ ಸಿಗದ ಬೀದಿ ಕಮ್ಮಿ, ನಿಜ್ವಾದಲ್ಲೂ ಮಲಯಾಳಿ ಹೋಟೆಲ್ ಇವೆ. ಮಸ್ಕತ್‌ನಲ್ಲಿ ಶಿವನ ಗುಡಿಯೂ ಇದೆ, ಕೃಷ್ಣನ ಗುಡಿಯೂ ಇದೆ. ದೊಡ್ಡ ಮಸೀದಿ ಒಳಗೆ ನಮ್ಮಂಥವರನ್ನ ಬೆಳಗ್ಗೆ ಹೊತ್ತು ಬಿಡ್ತಾರೆ, ಶುಕ್ರವಾರ ಇಲ್ಲ, ಹೆಣ್ಣುಮಕ್ಕಳು ತಲೆ ಕೂದಲು ಪೂರ್ತಿ ಮುಚ್ಚಿರಬೇಕು. ಆ ಕಡೆ ಪರಿಸ್ಥಿತಿ ಒಂದೇ ತರ ಇರಲ್ಲ, ಟಿಕೆಟ್ ಮಾಡೋಕ್ಕೆ ಮೊದಲು ವಿದೇಶಾಂಗ ಇಲಾಖೆ ಸೂಚನೆ ಏನಿದೆ ನೋಡ್ಕೊಳಿ.

ಮೊರಾಕ್ಕೋ. ನಾಲ್ಕೂ ಪೂರ್ತಿ ಅಂಕ ತಗೊಳ್ಳೋ ದೇಶ ಇದೊಂದೇ, ಅದಕ್ಕೆ ತಕ್ಕಂಗೆ ದೂರ, ದುಡ್ಡು, ದಿನ ಮೂರೂ ಕೇಳುತ್ತೆ. ನೇರ ವಿಮಾನ ಇಲ್ಲ, ದುಬೈಯೋ ದೋಹಾನೋ ಬದಲಾಯಿಸ್ಕೊಂಡು ಹೋಗ್ಬೇಕು, ಮನೆ ಬಿಟ್ಟು ಕಾಸಾಬ್ಲಾಂಕಾದಲ್ಲಿ ಹಾಸಿಗೆ ಸೇರೋ ಹೊತ್ತಿಗೆ ಒಂದು ಹಗಲು ಒಂದು ರಾತ್ರಿ. ಹನ್ನೆರಡು ದಿನಕ್ಕಿಂತ ಕಮ್ಮಿ ರಜೆ ಇದ್ರೆ ಹೋಗ್ಲೇಬೇಡಿ ಅಂತೀನಿ. ಅಟ್ಲಾಸ್ ಬೆಟ್ಟದ ತೂಬ್‌ಕಾಲ್ ಶಿಖರ 4,167 ಮೀಟರ್, ಏಪ್ರಿಲ್ಲಲ್ಲೂ ಹಿಮ ಹೊದ್ಕೊಂಡಿರುತ್ತೆ, ಮರಾಕೆಶ್ ಊರೊಳಗಿಂದಾನೇ ಆ ಬಿಳಿ ಸಾಲು ಕಾಣುತ್ತೆ. ಮೆರ್ಜೂಗಾ ಹತ್ರ ಎರ್ಗ್ ಶೆಬ್ಬಿ ದಿಬ್ಬಗಳು ನೂರೈವತ್ತು ಮೀಟರ್ ತನಕ, ಬೆಳಗಿನ ಜಾವ ಬೂದು, ಆಮೇಲೆ ಗುಲಾಬಿ, ಬಿಸಿಲೇರಿದ ಮೇಲೆ ರಾಗಿ ಮುದ್ದೆ ಜೊತೆ ಮಾಡೋ ಮೆಣಸಿನಕಾಯಿ ಖಾರದ ಬಣ್ಣ. ಎಸ್ಸಾವಿರಾ ಕಡಲೂರು, ಕೋಟೆ ಗೋಡೆ, ನೀಲಿ ದೋಣಿ, ಗಾಳಿ ಮಾತ್ರ ಸೆರಗು ನಿಲ್ಲಕ್ಕೆ ಬಿಡಲ್ಲ. ಫೆಸ್ ಊರಿನ ಹಳೇ ಪೇಟೆಗೆ ಕಾರೇ ಹೋಗಲ್ಲ, ಕತ್ತೆ, ಹೇಸರಗತ್ತೆ ಮೇಲೇ ಸಾಮಾನು, 859ರಲ್ಲಿ ಮಸೀದಿಯಾಗಿ ಶುರುವಾದ ಕರವಿಯ್ಯೀನ್ ವಿದ್ಯಾಪೀಠ ಇವತ್ತಿಗೂ ನಡೀತಿದೆ, ಚರ್ಮ ಹದ ಮಾಡೋ ತೊಟ್ಟಿಗಳು ಮೇಲಿಂದ ಬಣ್ಣದ ಡಬ್ಬಿ ತರ ಕಾಣ್ತವೆ.

ಇಲ್ಲಿ ನಾವು ಮಾಡಿದ ತಪ್ಪು ನೀವು ಮಾಡಬೇಡಿ. ಮರಾಕೆಶ್‌ನಿಂದ ಮೂರು ದಿನದ ಮರಳುಗಾಡು ಟೂರ್ ಅಂತ ಬುಕ್ ಮಾಡಿದ್ವಿ, ಹೋಗಿ ಮತ್ತೆ ಮರಾಕೆಶ್‌ಗೇ ವಾಪಸ್. ಮೆರ್ಜೂಗಾ ಅಲ್ಲಿಂದ 560 ಕಿಲೋಮೀಟರ್, ಮಧ್ಯೆ 2,260 ಮೀಟರ್ ಎತ್ತರದ ಟಿಝಿ ನ್ ಟಿಶ್ಕಾ ಘಾಟಿ, ತಿರುವು ತಿರುವು. ಮೂರನೇ ದಿನ ಬೆಳಗ್ಗೆ ಕತ್ತಲಲ್ಲಿ ವ್ಯಾನ್ ಹತ್ತಿದವರು ರಾತ್ರಿ ಇಳಿದ್ವಿ, ಅದೇ ರಸ್ತೆ ಎರಡನೇ ಸಲ. ಮರಳಲ್ಲಿ ನಾವಿದ್ದಿದ್ದು ಲೆಕ್ಕ ಹಾಕಿದ್ರೆ ಹನ್ನೆರಡು ಗಂಟೆ ಚಿಲ್ರೆ. ಬುಕ್ ಮಾಡೋವಾಗ ಯಾರೂ ನಮಗೆ ಹೇಳ್ಲಿಲ್ಲ, ಅದೇ ಟೂರ್‌ನ ಮೆರ್ಜೂಗಾದಿಂದ ಮುಂದಕ್ಕೆ ಫೆಸ್‌ಗೆ ಬಿಡೋ ತರಾನೂ ಮಾಡ್ತಾರೆ ಅಂತ, ಫೆಸ್ ಅಲ್ಲಿಂದ ಎಂಟು ಗಂಟೆ, ಹೊಸ ದಾರಿ, ಫೆಸ್‌ನಿಂದ ಕಾಸಾಬ್ಲಾಂಕಾಗೆ ರೈಲು ನಾಲ್ಕು ಗಂಟೆ. ಹಂಗಾಗಿ ಕಾಸಾಬ್ಲಾಂಕಾ, ಮರಾಕೆಶ್, ಎಸ್ಸಾವಿರಾ ಹೋಗಿ ವಾಪಸ್ ಬಂದು, ಐತ್ ಬೆನ್‌ಹದ್ದು ಮಣ್ಣಿನ ಕೋಟೆ ನೋಡ್ಕೊಂಡು ಮೆರ್ಜೂಗಾ, ಅಲ್ಲಿ ಎರಡು ರಾತ್ರಿ, ಆಮೇಲೆ ಫೆಸ್, ಆಮೇಲೆ ರೈಲು, ಇದೇ ಕ್ರಮ ಸರಿ. 2023ರ ಸೆಪ್ಟೆಂಬರ್ ಭೂಕಂಪದಲ್ಲಿ ಅಟ್ಲಾಸ್ ಕಡೆ ಹಳ್ಳಿಗಳು ಬಹಳ ನೊಂದಿವೆ, ಬೆಟ್ಟದೂರಿಗೆ ಹೋದ್ರೆ ಅಲ್ಲಿಯವರ ಮನೇಲೇ ಉಳ್ಕೊಂಡು ಅಲ್ಲೇ ಊಟ ಮಾಡಿ, ಆ ದುಡ್ಡು ಅವರಿಗೇ ಸೇರುತ್ತೆ.

ಸಸ್ಯಾಹಾರಿಗಳು ಉಪವಾಸ ಬೀಳಲ್ಲ, ಆದ್ರೆ ಕೇಳ್ಕೊಂಡು ತಿನ್ಬೇಕು. ಏಳು ತರಕಾರಿ ಹಾಕಿದ ಕುಸ್ಕುಸ್ ಶುಕ್ರವಾರ ಮಾಡ್ತಾರೆ, ಮಣ್ಣಿನ ಪಾತ್ರೇಲಿ ಬೇಯಿಸೋ ತರಕಾರಿ ತಜೀನ್ ಎಲ್ಲೆಲ್ಲೂ ಸಿಗುತ್ತೆ, ಆದ್ರೆ ಎಷ್ಟೋ ಸಲ ಅದರ ರಸ ಮಾಂಸ ಬೇಯಿಸಿದ್ದೇ ಆಗಿರುತ್ತೆ, ತರಕಾರಿ ಮಾತ್ರ ಮೇಲಿಟ್ಟಿರ್ತಾರೆ. ಬೆಳಗ್ಗೆ ಮ್ಸೆಮನ್ ಅಂತ ಪದರ ಪದರ ರೊಟ್ಟಿ ಜೇನಿನ ಜೊತೆ, ಬಿಸ್ಸಾರ ಅಂತ ಒಣಗಿದ ಅವರೆ ತರದ ಕಾಳಿನ ಗಟ್ಟಿ ಸಾರು, ಅದಂತೂ ನಮ್ಮ ನಾಲಿಗೆಗೆ ಹೇಳಿ ಮಾಡಿಸಿದ್ದು. ರಂಜಾನ್ ತಿಂಗಳು ತಪ್ಪಿಸಿ ಹೋಗಿ, ಹಗಲು ಹೋಟೆಲ್ ಮುಚ್ಚಿರ್ತವೆ. ತಲೆಗೆ ಎರಡು ಲಕ್ಷದ ಹತ್ರ ಆಯ್ತು ನಮಗೆ.

ಪಾಸ್‌ಪೋರ್ಟು ಇಲ್ಲ, ರಜೆ ಐದೇ ದಿನ, ಕಾರು ಇದೆ ಅನ್ನೋರಿಗೂ ದಾರಿ ಇದೆ, ತಮಿಳುನಾಡು. ತೂತ್ತುಕ್ಕುಡಿ, ತಿರುಚೆಂದೂರು ಕಡೆ ತೇರಿ ಕಾಡು ಅಂತ ಕೆಂಪು ಮರಳಿನ ಬಯಲಿದೆ, ಗಾಳಿಗೆ ಜಾಗ ಬದಲಾಯಿಸೋ ದಿಬ್ಬಗಳು, ನಮ್ಮಲ್ಲಿ ಕೇಳಿದೋರೇ ಕಮ್ಮಿ. ಜೊತೆಗೆ ಮದುರೆ, ಧನುಷ್ಕೋಟಿ, ಕೊಡೈಕೆನಾಲ್. 1964ರ ಚಂಡಮಾರುತದಲ್ಲಿ ಕೊಚ್ಚಿಹೋದ ಧನುಷ್ಕೋಟಿಯ ಮುರಿದ ಚರ್ಚು, ಸ್ಟೇಷನ್ನು ಇನ್ನೂ ಮರಳಲ್ಲಿ ನಿಂತಿವೆ. ಕೊಡೈಗೆ ಈಗ ಇ-ಪಾಸ್ ಮೊದಲೇ ಮಾಡಿಸ್ಕೊಬೇಕು. ಅಕ್ಟೋಬರ್ ನವೆಂಬರ್ ಬಿಟ್ಬಿಡಿ, ಆ ಕಡೆ ಮಳೆ ಆವಾಗಲೇ. ಮರಳು ಅರ್ಧ ದಿನದ್ದು, ನಿಜ, ಆದ್ರೆ ಅತ್ತೆ ರಾಮೇಶ್ವರದ ಪ್ರಾಕಾರ ಸುತ್ತಿ ಬಂದ ಖುಷೀಲಿ ಉಳಿದಿದ್ದೆಲ್ಲ ಲೆಕ್ಕಕ್ಕೇ ಬರಲ್ಲ.

ಹಂಗಾದ್ರೆ ಯಾವುದು. ಮರಳಿಗೆ ಮೊರಾಕ್ಕೋ ಮೊದಲು, ಓಮನ್ ಕೂದಲೆಳೆ ಹಿಂದೆ. ರಣ್ ಬೇರೆ ಜಾತಿ, ಅದಕ್ಕೆ ಜೋಡಿ ಉಳಿದೆರಡರಲ್ಲೂ ಇಲ್ಲ. ಬೆಟ್ಟ ಮೊರಾಕ್ಕೋ, ಓಮನ್, ಕೊನೇಲಿ ಅಬು. ಕಡಲು ನನ್ನ ಮಟ್ಟಿಗೆ ಓಮನ್, ನೀರು ಅಷ್ಟು ತಿಳಿ. ಹಳೇ ಊರು ಅಂದ್ರೆ ಫೆಸ್ ಮತ್ತೆ ಅಹಮದಾಬಾದ್ ಮಧ್ಯೆ ನಾನು ಆರಿಸಲಾರೆ, ಓಮನ್‌ನಲ್ಲಿ ಕೋಟೆ ಚೆನ್ನಾಗಿವೆ, ಬೀದಿ ಜೀವಂತಿಕೆ ಅಷ್ಟಿಲ್ಲ. ಗಾಡೀಲಿ ಕೂತಿರೋ ಹೊತ್ತು ಓಮನ್ನಲ್ಲೇ ಕಮ್ಮಿ, ದಿನಕ್ಕೆ ಮೂರು ಗಂಟೆ ದಾಟೋದೇ ಅಪರೂಪ. ಕಚ್ಛ್‌ನಲ್ಲಿ ಧೋಲಾವೀರಾದಿಂದ ಪಾಟಣ್ ಐದು ಗಂಟೆ ಹತ್ರ, ಅದೊಂದು ದಿನ ಬಿಟ್ರೆ ಪರವಾಗಿಲ್ಲ. ಎಪ್ಪತ್ತು ದಾಟಿದ ಅತ್ತೆ ಜೊತೆ ಇದ್ರೆ ಮೊರಾಕ್ಕೋ ಬೇಡ, ಫೆಸ್‌ನ ಏರಿಳಿತ, ಆ ಘಾಟಿ ತಿರುವು ಅವರಿಗೆ ಹಿಂಸೆ. ಕಚ್ಛ್‌ನಲ್ಲಿ ನಮಗೆ ತಲೆಗೆ ಮೂವತ್ತು ಸಾವಿರ ಒಳಗೇ ಮುಗೀತು, ಹತ್ತು ದಿನ, ರೈಲು ಥರ್ಡ್ ಏಸಿ, ಇನೋವಾ ಬಾಡಿಗೆ ಸೇರಿ.

ಸೋಷಿಯಲ್ ಮೇಡಂಗೆ ನಾನು ಹೇಳಿರೋದು ಕಚ್ಛ್, ಜನವರೀಲಿ. ಮಗಳಿಗೆ ಮರಳಿನ ದಿಬ್ಬ ಅಲ್ಲ ಉಪ್ಪಿನ ಬಯಲು ಅಂತ ಮೊದಲೇ ಫೋಟೋ ತೋರಿಸಿ ಒಪ್ಪಿಸಿಯಾಗಿದೆ, ಹುಣ್ಣಿಮೆ ರಾತ್ರಿ ಅದು ಹೆಂಗೆ ಹೊಳೆಯುತ್ತೆ ಅಂತ ಕೇಳಿದ ಮೇಲೆ ಅವಳೇ ಅಮ್ಮನಿಗೆ ಕ್ಯಾಲೆಂಡರ್ ಹಿಡ್ಕೊಂಡು ಬಂದ್ಲಂತೆ. ರೈಲಿಗೆ ರಿಸರ್ವೇಶನ್ ಓಪನ್ ಆಗೋದು ಈಗ ಅರವತ್ತು ದಿನ ಮೊದಲು, ಹಿಂದಿನ ಹಂಗೆ ನೂರಿಪ್ಪತ್ತು ದಿನ ಇಲ್ಲ, ಮತ್ತೆ ವಾರಕ್ಕೊಂದೇ ರೈಲು. ಹಂಗಾಗಿ ಹುಣ್ಣಿಮೆಗೆ ಮುಂಚಿನ ವಾರದ ಗಾಂಧಿಧಾಮ ಗಾಡಿ ಯಾವ ದಿನ ಅಂತ ನೋಡಿ, ಅಲ್ಲಿಂದ ಅರವತ್ತು ದಿನ ಹಿಂದಕ್ಕೆ ಎಣಿಸಿ, ಆ ದಿನ ಬೆಳಗ್ಗೆ ಎಂಟು ಗಂಟೆಗೆ ಫೋನ್ ಹಿಡ್ಕೊಂಡು ಕೂತ್ಕೊಳಿ, ಹಿರಿಯರಿಗೆ ಲೋವರ್ ಬರ್ತ್ ಹಾಕೋದು ಮರೀಬೇಡಿ.